ಉಸಿರು ಹಿಡಿಯಲು ಬಾರದ ಮೈಕಕ್ಕ

ಬಸ್ ನಿಲ್ದಾಣದ ಮೇಲಂತಸ್ತಿನಲ್ಲಿ, ಪಾರ್ಸಲ್ ಕಚೇರಿಯ ನೆತ್ತಿಗೆ ಸರಿಯಾಗಿ, ಗಾಜಿನ ಕಿಟಕಿಯ ಒಂದು ಪುಟ್ಟ ಕೋಣೆಯಿದೆ. ಒಳಗೆ ಒಂದು ಮೇಜು, ಕುತ್ತಿಗೆ ಬಗ್ಗಿದ ಒಂದು ಮೈಕು, ಕಂಟ್ರೋಲರ್ ಕೋಣೆಯಿಂದ ಬರುವ ಫೋನು, ಒಂದು ಕಾಲು ಸ್ವಲ್ಪ ಗಿಡ್ಡವಾದ ಕುರ್ಚಿ. ಆ ಕುರ್ಚಿಯಲ್ಲಿ ಕುಳಿತು ಯಾವ ಬಸ್ಸು ಎಲ್ಲಿ ನಿಂತಿದೆ, ಯಾವಾಗ ಹೊರಡುತ್ತದೆ ಎಂದು ಹೇಳುವುದೇ ಅವಳ ಕೆಲಸ. ಡ್ರೈವರುಗಳೂ ಕಂಡಕ್ಟರುಗಳೂ ಅವಳನ್ನು ಮೈಕಕ್ಕ ಎನ್ನುತ್ತಾರೆ. ದಿನವೂ ಅಲ್ಲಿಂದ ಬಸ್ಸು ಹತ್ತುವವರಿಗೆ ಅವಳ ಮುಖದ ಗುರುತಿಲ್ಲ. ಆದರೆ ತರಕಾರಿ ಅಂಗಡಿಯಲ್ಲಿ ಅವಳು ಬೆಲೆ ಕೇಳಲು ಬಾಯಿ ತೆರೆದರೆ ಸಾಕು, ಪಕ್ಕದಲ್ಲಿದ್ದವರು ತಟ್ಟನೆ ತಿರುಗಿ ತಮ್ಮ ಚೀಲ ಹುಡುಕಿಕೊಳ್ಳುತ್ತಾರೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳಿಗೆ ಪಾಠ ಹೇಳಿದ್ದು ಆಗ ನಿವೃತ್ತಿಗೆ ಹತ್ತಿರವಾಗಿದ್ದ ಹಳೆಯ ಅನೌನ್ಸರ್. ಸದಾ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ಮಾತಿಗಿಂತ ಬಿಸಿನೀರನ್ನೇ ಹೆಚ್ಚು ಬಳಸುತ್ತಿದ್ದ ಹೆಂಗಸು. ಮೊದಲ ದಿನ ಮೈಕಕ್ಕ ಎದೆ ತುಂಬ ಗಾಳಿ ಎಳೆದುಕೊಂಡು, ಬಿಗಿಹಿಡಿದು, ಒಂದೇ ಉಸಿರಿಗೆ ಊರುಗಳ ಹೆಸರನ್ನೆಲ್ಲ ಒದರಿ ಕೊನೆಗೆ ಉಸ್ಸೆಂದು ಬಿಟ್ಟಿದ್ದಳು. ಆ ಉಸ್ಸು ನಿಲ್ದಾಣದ ಲೌಡ್‌ಸ್ಪೀಕರುಗಳಲ್ಲೆಲ್ಲ ಟೈರು ಪಂಕ್ಚರ್ ಆದಂತೆ ಕೇಳಿ, ಕೆಳಗೆ ಇಬ್ಬರು ಡ್ರೈವರುಗಳು ಇಳಿದು ತಮ್ಮ ಚಕ್ರ ನೋಡಿಕೊಂಡರಂತೆ. ಹಿರಿಯಾಕೆ ನಗಲಿಲ್ಲ. "ಮೈಕ್ ಮುಂದೆ ಉಸಿರು ಕಟ್ಟಬೇಡ ಮಗಳೇ. ಕಟ್ಟಿದ್ದನ್ನ ಬಿಡಲೇಬೇಕಲ್ಲ, ಬಿಟ್ಟಾಗ ಊರಿಗೆಲ್ಲ ಕೇಳುತ್ತೆ. ಮೂಗಲ್ಲಿ ಸಣ್ಣಗೆ ತಗೋ, ಸಣ್ಣಗೆ ಬಿಡು. ಎದೆ ಅಲುಗಬಾರದು, ಭುಜ ಏಳಬಾರದು. ಉಸಿರಾಡ್ತಿದ್ದೀಯ ಅಂತ ನಿನಗೇ ಗೊತ್ತಾಗಬಾರದು" ಎಂದಿದ್ದರು.

ಆ ಪಾಠ ಅವಳ ಮೈಗೆ ಹತ್ತಿಹೋಯಿತು. ಕೂದಲು ನೆರೆಯುವ ಹೊತ್ತಿಗೆ ಅದು ಅಭ್ಯಾಸವಾಗಿಯೂ ಉಳಿದಿರಲಿಲ್ಲ; ಅವಳ ಉಸಿರೇ ಹಾಗೆ ಆಗಿಬಿಟ್ಟಿತ್ತು.

ಉಳಿದಂತೆ ಆ ಕೆಲಸದಲ್ಲಿ ಬೈಗುಳವೇ ಜಾಸ್ತಿ. ಬಸ್ಸು ತಡವಾದರೆ ಜನ ಬೈಯುವುದು ಬಸ್ಸನ್ನಲ್ಲ, ತಡವೆಂದು ಹೇಳಿದ ದನಿಯನ್ನು. ಅವಳಿಗಾದರೂ ಗೊತ್ತಿರುವುದು ಅಷ್ಟರಲ್ಲೇ ಇರುತ್ತಿತ್ತು. ಫೋನಿನಲ್ಲಿ ಕಂಟ್ರೋಲರ್ "ಸ್ವಲ್ಪ ಲೇಟು ಅಂತ ಹೇಳಿ" ಎನ್ನುವರು.

"ಸ್ವಲ್ಪ ಅಂದ್ರೆ ಎಷ್ಟು ಸಾರ್?"

"ಸ್ವಲ್ಪ ಅಂದ್ರೆ ಸ್ವಲ್ಪ ಕಣಮ್ಮ. ನಾನೇನು ಬಸ್ಸಿನೊಳಗೆ ಕೂತಿದ್ದೀನಾ?"

ಅವಳು ಮೈಕಿನ ಗುಂಡಿ ಒತ್ತಿ, "ಬಸ್ಸು ಶೀಘ್ರದಲ್ಲೇ ಬರಲಿದೆ, ಪ್ರಯಾಣಿಕರು ಸಹಕರಿಸಬೇಕು" ಎಂದು ನಯವಾಗಿ ಹೇಳಿ ಗುಂಡಿ ಬಿಡುತ್ತಿದ್ದಳು. ಕೆಳಗೆ ಕಾಯುವವರ ಹೊಟ್ಟೆಯೊಳಗೆ ಆ 'ಶೀಘ್ರ' ಎನ್ನುವುದು ಏನು ಮಾಡುತ್ತದೆ ಎಂದು ಅವಳು ಯೋಚಿಸಿದ್ದಿಲ್ಲ. ಯೋಚಿಸುವ ಕಾಲ ಬಂತು.

ಶುರುವಾದದ್ದು ಬರೀ ಹೊಟ್ಟೆನೋವಿನಿಂದ. ಪಿತ್ತಕೋಶದಲ್ಲಿ ಕಲ್ಲಿರಬಹುದೆಂದು ಬಡಾವಣೆಯ ಡಾಕ್ಟರು ಸ್ಕ್ಯಾನಿಂಗ್‌ಗೆ ಬರೆದರು. ತಣ್ಣನೆಯ ಜೆಲ್ ಹಚ್ಚಿ ಹೊಟ್ಟೆಯ ಮೇಲೆ ಯಂತ್ರದ ಹಿಡಿಯಾಡಿಸುತ್ತಿದ್ದ ಹೆಂಗಸಿನ ಕೈ ಒಂದು ಕಡೆ ಬಂದು ನಿಂತಿತು. ಮುಂದೆ ಹೋಗಿ ಮತ್ತೆ ಅಲ್ಲಿಗೇ ಬಂತು. ಕಲ್ಲಿರಲಿಲ್ಲ. ನೋವೂ ವಾರದೊಳಗೆ ತಾನಾಗಿ ಹೋಯಿತು. ಆದರೆ ಲಿವರಿನ ಬಲಭಾಗದಲ್ಲಿ ನಿಂಬೆಹಣ್ಣಿಗಿಂತ ದೊಡ್ಡದಾದ ಒಂದು ಗಡ್ಡೆ ಸಿಕ್ಕಿತ್ತು. ರಿಪೋರ್ಟು ಹಿಡಿದು ಮೈಕಕ್ಕ ಮತ್ತೆ ಬಡಾವಣೆಯ ಡಾಕ್ಟರ ಮುಂದೆ ಕುಳಿತಳು.

"ಕೆಟ್ಟದ್ದಾ ಡಾಕ್ಟ್ರೇ?"

"ಎಲ್ಲ ಗಡ್ಡೆಯೂ ಕೆಟ್ಟದ್ದಲ್ಲ. ಲಿವರಿನಲ್ಲಿ ಸುಮ್ಮನೆ ಇರೋವೂ ಬೇಕಾದಷ್ಟು ಇರ್ತವೆ. ಯಾವುದು ಅಂತ ನೋಡಬೇಕು. ಎಂಆರ್‌ಐ ಮಾಡಿಸಿ, ಗೊತ್ತಾಗುತ್ತೆ."

ಮನೆಯಲ್ಲಿ ಇದ್ದವರು ಗಂಡ ಮತ್ತು ಅತ್ತೆ. ಗಂಡನಿಗೆ ಮಾರುಕಟ್ಟೆಯ ಮೂಲೆಯಲ್ಲಿ ಬೀಗ ರಿಪೇರಿಯ ಅಂಗಡಿ. ಯಾರ ಮನೆಯ ಬಾಗಿಲು ಬೇಕಾದರೂ ತೆರೆಯಬಲ್ಲ ಮನುಷ್ಯ, ತನ್ನ ಮನೆಯಲ್ಲಿ ಮಾತ್ರ ಬಾಯಿಗೆ ಬೀಗ. ಹೆದರಿದಾಗ ಅವನು ಮಾತಾಡುತ್ತಿರಲಿಲ್ಲ, ಮೊಬೈಲು ನೋಡುತ್ತಿದ್ದ. ನೋಡಿ ನೋಡಿ ಮುಖ ಇನ್ನಷ್ಟು ಬಿಳಿಚಿಕೊಳ್ಳುತ್ತಿತ್ತು.

ಅತ್ತೆಗೆ ಕಿವಿ ದೂರ. "ಊರಿಗೆಲ್ಲ ಕೇಳೋ ಸೊಸೆ ಸಿಕ್ಕಳು, ನನಗೊಬ್ಬಳಿಗೇ ಕೇಳಲ್ಲ" ಎಂದು ಬಂದವರ ಮುಂದೆಲ್ಲ ಹೇಳಿ ತಾನೇ ನಗುತ್ತಿದ್ದ ಮುದುಕಿ. ಕಿವಿಗೆ ಹಾಕುವ ಯಂತ್ರ ತಂದುಕೊಟ್ಟರೆ, ಅದರಲ್ಲಿ ಬೇಡದ್ದೆಲ್ಲ ಕೇಳಿಸುತ್ತದೆಂದು ಡಬ್ಬಿಯಲ್ಲಿಟ್ಟಿದ್ದಳು. ಗಡ್ಡೆಯ ವಿಷಯವನ್ನು ಸೊಸೆ ಅವಳ ಕಿವಿಯ ಬಳಿ ಬಾಯಿಟ್ಟು ಹೇಳಿದಳು. ಮುದುಕಿ, "ದೇವರು ದೊಡ್ಡವನು. ಫೋಟೋ ತೆಗೆಸು, ಏನಿದೆಯೋ ನೋಡೋಣ" ಎಂದಳು.

ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು ಆ ಯಂತ್ರ. ಬಳೆ, ಸರ, ಕೂದಲಿನ ಪಿನ್ನು ಎಲ್ಲ ತೆಗೆಸಿ, ಹಿಂದೆ ಕಟ್ಟುವ ಒಂದು ನಿಲುವಂಗಿ ತೊಡಿಸಿ, ಮುಂಗೈಗೆ ಸೂಜಿ ಚುಚ್ಚಿ, ಸರಿಯುವ ಮಂಚದ ಮೇಲೆ ಮಲಗಿಸಿದರು. ಹೊಟ್ಟೆಯ ಮೇಲೆ ತಟ್ಟೆಯಂಥದ್ದೊಂದನ್ನು ಇಟ್ಟು ಪಟ್ಟಿ ಬಿಗಿದರು. ಕಿವಿಗೆ ದಪ್ಪ ಹೆಡ್‌ಫೋನು, ಕೈಗೆ ಒಂದು ರಬ್ಬರ್ ಉಂಡೆ, ತಡೆಯಲಾಗದಿದ್ದರೆ ಒತ್ತಬೇಕಂತೆ. ಯಂತ್ರ ನಡೆಸುವ ಟೆಕ್ನಿಷಿಯನ್ ದಪ್ಪ ಮೀಸೆಯ ಗಂಡಸು. ಅವನ ಬಾಯಿಂದ ಮೊದಲು ಬಂದ ಮಾತು "ಅಲುಗಾಡಬೇಡಿ." ಕೊನೆಗೆ ಬಂದದ್ದೂ ಅದೇ. ಆವತ್ತಿನಿಂದ ಮೈಕಕ್ಕನ ಬಾಯಲ್ಲಿ ಅವನಿಗೆ 'ಅಲುಗಾಡಬೇಡಿ' ಎಂದೇ ಹೆಸರು.

"ಲಿವರು ಪಕ್ಕೆಲುಬಿನ ಕೆಳಗೆ ಇರುತ್ತೆ. ಉಸಿರಾಡಿದ್ರೆ ಅದೂ ಮೇಲೆ ಕೆಳಗೆ ಹೋಗುತ್ತೆ. ಹಿಡ್ಕೊಳ್ಳಿ ಅಂದಾಗ ಉಸಿರು ಹಿಡ್ಕೊಳ್ಳಿ. ಬಿಡಿ ಅನ್ನೋವರೆಗೂ ಬಿಡಬೇಡಿ. ಗೊತ್ತಾಯ್ತಾ?"

"ಉಸಿರಿನ ವಿಷಯ ನನಗೆ ಹೇಳಿಕೊಡ್ತೀರಾ? ಅದರಲ್ಲೇ ಅಲ್ವಾ ನನ್ನ ಅನ್ನ" ಎಂದು ಅವಳು ನಕ್ಕಳು. ಅವನು ನಗಲಿಲ್ಲ.

ಒಳಗೆ ಸರಿದ ಮೇಲೆ ಮೂಗಿನ ಮೇಲೆಯೇ ಬಿಳಿಯ ಛಾವಣಿ. ಯಾರೋ ತಗಡಿನ ಡಬ್ಬಕ್ಕೆ ಸುತ್ತಿಗೆಯಿಂದ ಬಡಿದಂತೆ ಸದ್ದು. ನಡುವೆ ಹೆಡ್‌ಫೋನಿನಲ್ಲಿ ಮೊದಲೇ ರೆಕಾರ್ಡ್ ಮಾಡಿಟ್ಟ ಹೆಣ್ಣುದನಿ: "ಉಸಿರು ಎಳೆದುಕೊಳ್ಳಿ. ಉಸಿರು ಬಿಡಿ. ಹಾಗೇ. ಹಿಡಿದುಕೊಳ್ಳಿ." ಭಯದ ನಡುವೆಯೂ ಮೈಕಕ್ಕನಿಗೆ ಆ ದನಿ ಕೇಳಿ ಸಿಟ್ಟು ಬಂತು. 'ಹಾಗೇ' ಆದಮೇಲೆ ಯಾರಾದರೂ ನಿಲ್ಲಿಸುತ್ತಾರಾ? ಯಾರು ಕಲಿಸಿದರು ಈಕೆಗೆ? ಆದರೂ ಹೇಳಿದಂತೆ ಬಿಟ್ಟಳು, ಹಿಡಿದಳು. ಬಾಯಿ ಮುಚ್ಚಿತ್ತು. ಎದೆ ಕಲ್ಲಿನಂತೆ ನಿಂತಿತ್ತು. ಸುತ್ತಿಗೆಯ ಸದ್ದು ಎಷ್ಟು ಹೊತ್ತಾದರೂ ಮುಗಿಯದಿದ್ದಾಗ ಅವಳಿಗೇನೂ ಕಷ್ಟವಾಗಲಿಲ್ಲ. ಇಷ್ಟು ಹೊತ್ತು ಉಸಿರು ಹಿಡಿಯುವವರು ಈ ಆಸ್ಪತ್ರೆಗೆ ಯಾರು ಬಂದಾರು ಎಂದು ಒಳಗೊಳಗೇ ಸ್ವಲ್ಪ ಜಂಬವೂ ಆಯಿತು.

"ಅಲುಗಾಡ್ತಿದ್ದೀರಿ" ಎಂದಿತು ಹೆಡ್‌ಫೋನು.

"ಇಲ್ಲ."

"ಅಲುಗಾಡಬೇಡಿ. ಮತ್ತೆ ತೆಗೀತೀನಿ."

ಮತ್ತೆ ತೆಗೆದ. ಮತ್ತೆ ಅದೇ ಮಾತು. ಚಿತ್ರ ಎದ್ದು ಕಾಣಲೆಂದು ಸೂಜಿಯಲ್ಲಿ ಬಿಟ್ಟ ಔಷಧಿ ಕೈಯೊಳಗೆ ತಣ್ಣಗೆ ಹರಿದ ಮೇಲೆ ತೆಗೆಯುವ ಚಿತ್ರಗಳನ್ನು ಎರಡನೆಯ ಸಲ ತೆಗೆಯಲು ಬರುವುದಿಲ್ಲವಂತೆ, ಅವೂ ಕೆಟ್ಟವು. ಹೊರಗೆ ಬಂದಾಗ ಅವನು ಗಾಜಿನ ಆಚೆಯಿಂದ ಎದ್ದು ಬಂದು, "ಎಷ್ಟು ಸಲ ಹೇಳಿದೆ ನಿಮಗೆ?" ಎಂದ.

"ದೇವರಾಣೆಗೂ ನಾನು ಕದಲಿಲ್ಲಪ್ಪ. ರೆಪ್ಪೆ ಕೂಡ ಬಡಿದಿಲ್ಲ."

"ಮಷಿನ್ನು ಸುಳ್ಳು ಹೇಳಲ್ಲ ಮೇಡಂ."

"ಹಾಗಾದ್ರೆ ನಾನು ಹೇಳ್ತೀನಾ?"

ಅವನು ಮುಂದಿನವರ ಹೆಸರು ಕೂಗಿದ. ಅವಳು ಬಳೆಗಳನ್ನು ಸರಕ್ಕನೆ ಕೈಗೆ ತುರುಕಿಕೊಂಡಳು. ಹೆದರಿಕೆಗಲ್ಲ, ಸಿಟ್ಟಿಗೆ.

ರಿಪೋರ್ಟು ಬಂತು. ಗಡ್ಡೆ ಇರುವುದು ನಿಜ. ಉಸಿರಾಟದ ಚಲನೆಯಿಂದ ಚಿತ್ರಗಳು ಮಸುಕಾಗಿವೆ. ಗಡ್ಡೆಯ ಸ್ವರೂಪವನ್ನು ಖಚಿತವಾಗಿ ಹೇಳಲಾಗದು. ಅದನ್ನು ಕೈಯಲ್ಲಿ ಹಿಡಿದು ಆಪರೇಷನ್ ಮಾಡುವ ಸರ್ಜನ್ನರ ಮುಂದೆ ಕುಳಿತಾಗ ಅವರು ಕಾಗದದ ಮೇಲೆಯೇ ಕಣ್ಣಿಟ್ಟು ಮಾತಾಡಿದರು.

"ಎರಡು ಥರದ್ದು ಇರಬಹುದಮ್ಮ. ಒಂದು ಏನೂ ಮಾಡಲ್ಲ, ಬಿಟ್ಟುಬಿಡಬಹುದು. ಇನ್ನೊಂದು ಈಗ ಸಾಧುವಾಗಿದ್ರೂ ಒಡೆದು ರಕ್ತ ಸುರೀಬಹುದು, ಮುಂದೆ ಯಾವತ್ತೋ ಕ್ಯಾನ್ಸರಿಗೂ ತಿರುಗಬಹುದು. ಅದಾದ್ರೆ ತೆಗೀಬೇಕು."

"ನನ್ನದು ಯಾವುದು?"

"ಅದೇ ಗೊತ್ತಾಗ್ತಿಲ್ಲವಲ್ಲ. ಇಷ್ಟು ದೊಡ್ಡದಿದೆ. ಗೊತ್ತಿಲ್ಲದೆ ಇಟ್ಟುಕೊಳ್ಳೋದಕ್ಕಿಂತ ತೆಗೆಯೋದೇ ವಾಸಿ. ಎರಡು ತಿಂಗಳು ಬಿಟ್ಟು ಒಂದು ದಿನ ಬರೆಸಿಬಿಡಿ."

"ಲಿವರನ್ನ ಕೊಯ್ದು ತೆಗೆಯೋದಾ?"

"ಒಂದು ಭಾಗ. ಅದು ಮತ್ತೆ ಬೆಳೆಯುತ್ತೆ" ಎಂದರು, ಉಗುರಿನ ಮಾತಾಡಿದಂತೆ. ಗಂಡ ಪಕ್ಕದಲ್ಲಿ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದ. ಬಾಗಿಲ ಬಳಿ ಬಂದಾಗ ಸರ್ಜನ್ನರೇ ಹಿಂದಿನಿಂದ ಕರೆದು, "ಬೇಕಿದ್ರೆ ಇನ್ನೊಂದು ಸಲ ಎಂಆರ್‌ಐ ಮಾಡಿಸಿ. ಲಿವರಿಗೇ ಅಂತ ಬೇರೆ ಔಷಧಿ ಇದೆ, ಅದು ಹಾಕಿ ನೋಡಿದ್ರೆ ಎರಡರ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತೆ. ಆದರೆ ನೀವು ಈ ಸಲ ಅಲುಗಾಡಬಾರದು" ಎಂದರು.

ಕೌಂಟರಿನಲ್ಲಿ ಆಪರೇಷನ್ನಿಗೆ ದಿನ ಬರೆಸಿ ಮೆಟ್ಟಿಲಿಳಿಯುವಾಗ ಅವಳು ಗಂಡನ ಮೇಲೆ ಹರಿಹಾಯ್ದಳು. "ಎಲ್ಲರೂ ಒಂದೇ ರಾಗ! ನಾನು ಅಲುಗಾಡಿಲ್ಲ ಅಂದ್ರೆ ಯಾರಿಗೂ ನಂಬಿಕೆ ಇಲ್ಲ. ನೀವಾದ್ರೂ ಒಂದು ಮಾತು ಹೇಳಬಾರದಿತ್ತಾ?"

"ಏನು ಹೇಳಲಿ?"

"ಏನಾದ್ರೂ! ಇವಳು ಹಾಗೆಲ್ಲ ಅಲುಗಾಡೋಳಲ್ಲ ಅಂತ."

ಅವನು ಕೊನೆಯ ಮೆಟ್ಟಿಲಿಗೆ ಬಂದು, "ಕೆಲವು ಬೀಗ ಹಾಗೇ. ಕೀಲಿ ಸರಿ ಇರುತ್ತೆ, ಬೀಗವೂ ಸರಿ ಇರುತ್ತೆ. ಆದ್ರೂ ತೆರೆಯಲ್ಲ" ಎಂದ. ಅವಳು ರಿಪೋರ್ಟನ್ನು ಅವನ ಕೈಗೆ ಕೊಟ್ಟು ದಾಪುಗಾಲು ಹಾಕಿದಳು.

ಎರಡನೆಯ ಸ್ಕ್ಯಾನಿಗೆ ದಿನ ಸಿಗಲು ತಡವಾಯಿತು. ಒಮ್ಮೆ ಹೋದರೆ ಆ ಔಷಧಿ ಬಂದಿಲ್ಲ ಎಂದರು. ಇನ್ನೊಮ್ಮೆ ಹೋದರೆ ಯಂತ್ರಕ್ಕೆ ರಿಪೇರಿ. ಯಾವಾಗ ಸರಿಹೋಗುತ್ತದೆ ಎಂದು ಕೇಳಿದರೆ ಕೌಂಟರಿನ ಹುಡುಗಿ "ಶೀಘ್ರದಲ್ಲೇ ಆಂಟಿ" ಎಂದಳು. ಮೈಕಕ್ಕ ಆ ಹುಡುಗಿಯ ಮುಖವನ್ನೇ ನೋಡುತ್ತ ನಿಂತಳು. ಹುಡುಗಿಯ ಮೇಲೆ ಸಿಟ್ಟು ಬರಬೇಕಿತ್ತು, ಆದರೆ ಆ ಮಾತು ಬಲು ಪರಿಚಯದ್ದಾಗಿತ್ತು.

ಕೆಲಸದಲ್ಲಿ ಎಡವಟ್ಟುಗಳಾದವು. ಹೊರಟುಹೋದ ಬಸ್ಸನ್ನು ಹೊರಡಲಿದೆ ಎಂದಳು. ಕಂಟ್ರೋಲರ್ ಫೋನಿನಲ್ಲೇ ಕೂಗಾಡಿದರು. "ಏನಮ್ಮ ನಿನಗೆ, ಖಾಲಿ ಜಾಗಕ್ಕೆ ಜನರನ್ನ ಓಡಿಸ್ತೀಯಲ್ಲ!" ಅವಳು ತಪ್ಪಾಯಿತು ಎಂದು ಫೋನಿಟ್ಟಳು. ಗಡ್ಡೆಯ ವಿಷಯವನ್ನು ಅಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಏನೆಂದು ಹೇಳುವುದು? ಇದೆ, ಏನು ಎಂದು ಗೊತ್ತಿಲ್ಲ, ಎಲ್ಲರೂ ಸಹಕರಿಸಬೇಕು.

ಬೆಳಿಗ್ಗೆ ಎದ್ದು ಮುಖ ತೊಳೆದು ಕೈಮುಗಿದು ನಿಲ್ಲುವುದು ಅವಳು ಚಿಕ್ಕಂದಿನಿಂದ ಮಾಡಿಕೊಂಡು ಬಂದದ್ದು. ಅದೂ ಈಗ ಸರಿಯಾಗಿ ಆಗುತ್ತಿರಲಿಲ್ಲ. ಒಳ್ಳೆಯದಾಗಿರಲಿ ಎಂದು ಬೇಡಿಕೊಳ್ಳಲು ಹೋದರೆ ಬಾಯಿಗೆ ಬರುತ್ತಿದ್ದುದೇ ಬೇರೆ. "ಏನಿದ್ದರೂ ಇರಲಿ ತಂದೆ, ಅದೇನು ಅಂತ ಒಂದು ಸಲ ಹೇಳಿಬಿಡು." ಇದು ಪ್ರಾರ್ಥನೆಯೋ ಜಗಳವೋ ಅವಳಿಗೇ ತಿಳಿಯದು. ಹಾಗೆಂದು ನಿಲ್ಲಿಸಲೂ ಇಲ್ಲ.

ವಾರದ ರಜೆಯ ಒಂದು ಮಧ್ಯಾಹ್ನ ಅವಳು ಹಾಲಿನ ದಿವಾನದ ಮೇಲೆ ಅಂಗಾತ ಮಲಗಿ, ಗೋಡೆಯ ಗಡಿಯಾರ ನೋಡುತ್ತ ಉಸಿರು ಹಿಡಿದು ಅಭ್ಯಾಸ ಮಾಡುತ್ತಿದ್ದಳು. ಅತ್ತೆ ಪಕ್ಕದಲ್ಲಿ ಕುಳಿತು ಒಗೆದ ಬಟ್ಟೆ ಮಡಿಸುತ್ತಿದ್ದಳು. ಸೊಸೆ ಬಾಯಿ ಮುಚ್ಚಿ ಕಣ್ಣರಳಿಸಿ ಬಿದ್ದುಕೊಂಡಿರುವುದನ್ನು ನೋಡಿ ಮುದುಕಿಗೆ ಗಾಬರಿ.

"ಏನೇ, ಏನಾಯ್ತೇ? ಮಾತಾಡೇ!"

ಮೈಕಕ್ಕ ಕೈಯಿಂದ ಸುಮ್ಮನಿರಿ ಎಂದು ಸನ್ನೆ ಮಾಡಿದಳು. ಗಡಿಯಾರದ ಮುಳ್ಳು ಸುತ್ತು ಬಂದ ಮೇಲೆ ಎದ್ದು, ಅತ್ತೆಯ ಕಿವಿಗೆ ಬಾಯಿಟ್ಟು ಕೂಗಿದಳು. "ಉಸಿರು ಹಿಡೀತಿದ್ದೆ ಅತ್ತೆ! ಆಸ್ಪತ್ರೆಗೆ!"

"ಹಿಡಿದು ತೋರಿಸು, ನೋಡೋಣ."

ಮತ್ತೆ ಮಲಗಿದಳು. ಅತ್ತೆಗೆ ಯಾರ ಉಸಿರಿನ ಸದ್ದೂ ಕೇಳುತ್ತಿರಲಿಲ್ಲ. ಹಾಗಾಗಿ ಅವಳು ಯಾರನ್ನು ನೋಡಿಕೊಳ್ಳುವುದಿದ್ದರೂ ಕೈಯಿಂದಲೇ. ಮಗ ಕೂಸಾಗಿದ್ದಾಗ ಮಲಗಿದ್ದಾನೋ ಇಲ್ಲವೋ ಎಂದು ಹೊಟ್ಟೆಯ ಮೇಲೆ ಕೈಯಿಟ್ಟೇ ತಿಳಿಯುತ್ತಿದ್ದಳಂತೆ. ಈಗಲೂ ಹಾಗೆಯೇ ತನ್ನ ಅಗಲದ ಅಂಗೈಯನ್ನು ಸೊಸೆಯ ಪಕ್ಕೆಲುಬಿನ ಕೆಳಗೆ ಇಟ್ಟಳು. ಸ್ವಲ್ಪ ಹೊತ್ತಿಗೆ ಹುಬ್ಬು ಗಂಟಿಕ್ಕಿತು.

"ಎಲ್ಲಿ ಹಿಡಿದಿದ್ದೀಯೇ? ಒಳಗೆ ಬೆಕ್ಕು ಮಲಗಿದ ಹಾಗೆ ಏರ್ತಾ ಇಳೀತಾ ಇದೆಯಲ್ಲ!"

ಮೈಕಕ್ಕ ತಲೆಯಾಡಿಸಿದಳು, ಇಲ್ಲ ಇಲ್ಲ ಎಂದು.

"ಇಲ್ಲ ಅಂತ ನನಗೆ ಹೇಳ್ತೀಯಾ? ನನಗೆ ಕಿವಿ ಇಲ್ಲ, ಕೈ ಇದೆ. ಇಗೋ ನೋಡು, ಏರಿತು. ಇಗೋ, ಇಳೀತು. ಬಾಯಿ ಮುಚ್ಚಿಕೊಂಡು ಮೂಗಲ್ಲಿ ಕಳ್ಳತನ ಮಾಡ್ತಿದ್ದೀಯ."

ಮೈಕಕ್ಕ ಎದ್ದು ಕುಳಿತು, ಮತ್ತೆ ಉಸಿರು ಹಿಡಿದು, ತನ್ನ ಕೈಯನ್ನೇ ಅಲ್ಲಿಟ್ಟುಕೊಂಡಳು. ಎದೆ ನಿಂತಿತ್ತು, ಭುಜ ನಿಂತಿತ್ತು. ಹೊಟ್ಟೆ ಮಾತ್ರ ಅಂಗೈಯಡಿ ಬಲು ಮೆಲ್ಲಗೆ, ಕದ್ದಂತೆ ಕದಲುತ್ತಿತ್ತು. ಉಸಿರಾಡ್ತಿದ್ದೀಯ ಅಂತ ನಿನಗೇ ಗೊತ್ತಾಗಬಾರದು. ಮಫ್ಲರಿನ ಹಿರಿಯಾಕೆಯ ಮಾತು ಎಲ್ಲಿಂದಲೋ ಬಂದು ಕಿವಿಯಲ್ಲಿ ನಿಂತಿತು. ಮೂಗು ಸಣ್ಣಗೆ ಗಾಳಿ ಎಳೆಯುತ್ತಿತ್ತು, ಸಣ್ಣಗೆ ಬಿಡುತ್ತಿತ್ತು, ಅವಳ ಅಪ್ಪಣೆ ಕೇಳದೆ. ಆ 'ಅಲುಗಾಡಬೇಡಿ' ಹೇಳಿದ್ದು ಸುಳ್ಳಾಗಿರಲಿಲ್ಲ.

ಅವಳಿಗೆ ನಗು ಬರಲಿಲ್ಲ. ಇಷ್ಟು ವಾರ ಯಾರ ಯಾರ ಮೇಲೋ ಕಾರಿದ ಸಿಟ್ಟೆಲ್ಲ ತಿರುಗಿ ತನ್ನ ಬಾಗಿಲಿಗೇ ಬಂದು ಕುಳಿತಂತಾಯಿತು. ಒಂದು ಸಣ್ಣ ವಿಷಯಕ್ಕೆ ಲಿವರು ಕೊಯ್ಯಿಸಿಕೊಳ್ಳಲು ದಿನ ಬರೆಸಿ ಬಂದಿದ್ದಾಳೆ!

ಆಮೇಲೆ ದಿನಾ ಅಭ್ಯಾಸ. ಬೇರೆಯವರಿಗೆ ಹುಟ್ಟಿನಿಂದ ಬರುವ ವಿದ್ಯೆಯನ್ನು ಅವಳು ಹೊಸದಾಗಿ ಕಲಿಯಬೇಕಾಯಿತು. ಅಡುಗೆಮನೆಯಿಂದ ಬಂದವಳೇ ಮಲಗುವಳು, ಅತ್ತೆ ಕೈಯಿಡುವಳು. ಮೊದಮೊದಲು ಉಸಿರನ್ನು ಪೂರ್ತಿ ಕಟ್ಟಿದರೆ ಕ್ಷಣದಲ್ಲೇ ಗಂಟಲು ಬಿಗಿದು, ಮುಖ ಕೆಂಪಾಗಿ, ಕೆಮ್ಮು ಬರುತ್ತಿತ್ತು. ಆಗ ಮುದುಕಿ, "ಇಷ್ಟೇನಾ? ಮದುವೆಯಾದ ಹೊಸದರಲ್ಲಿ ನನ್ನ ಮೇಲೆ ಸಿಟ್ಟಾಗಿ ವಾರಗಟ್ಟಲೆ ಮಾತು ಬಿಡ್ತಿದ್ದೆ, ಈಗ ಒಂದು ಗಳಿಗೆ ಉಸಿರು ಬಿಡೋಕಾಗಲ್ವಾ?" ಎನ್ನುವಳು.

"ನೀವು ಮಾಡಿದ್ದಕ್ಕೆ ತಾನೇ ಮಾತು ಬಿಟ್ಟಿದ್ದು!" ಎಂದು ಇವಳು ಕೂಗುವಳು.

"ಏನಂದೆ?"

"ಏನಿಲ್ಲ!"

ಗಂಡ ಅಂಗಡಿಯಿಂದ ಬಂದಾಗ ಇವರಿಬ್ಬರೂ ಹೀಗೆ ದಿವಾನದ ಮೇಲೆ ಗುದ್ದಾಡುತ್ತಿರುವುದನ್ನು ಕಂಡು, ಚಪ್ಪಲಿ ಬಿಟ್ಟು ಮೆಲ್ಲಗೆ ಒಳಗೆ ಹೋಗಿ ತಾನೇ ಚಹಾ ಮಾಡಿಕೊಳ್ಳುತ್ತಿದ್ದ. ಒಂದು ದಿನ ಮೂರು ಲೋಟ ತಂದಿಟ್ಟು, "ಮೂಗಿಗೆ ಕ್ಲಿಪ್ ಹಾಕಿದ್ರೆ?" ಎಂದ. ಬಟ್ಟೆ ಒಣಹಾಕುವ ಕ್ಲಿಪ್ಪನ್ನು ತಾನೇ ಆರಿಸಿ ತಂದಿದ್ದ. ಹಿಂದಿನ ದಿನಗಳಾಗಿದ್ದರೆ ಅವಳು ಅದನ್ನು ಕಿಟಕಿಯಾಚೆ ಎಸೆಯುತ್ತಿದ್ದಳು. ಆವತ್ತು ಹಾಕಿಕೊಂಡು ನೋಡಿದಳು. ಮೂಗಿಗೆ ಮುಚ್ಚುವುದು ಎಂದರೆ ಏನೆಂದು ಅದರಿಂದ ತಿಳಿಯಿತು. ತಿಳಿದ ಮೇಲೆ ಕ್ಲಿಪ್ಪಿಲ್ಲದೆಯೂ ಬರತೊಡಗಿತು. ಒಂದು ಸಂಜೆ ಅತ್ತೆ ಕೈಯಿಟ್ಟು, ಕಾದು, ಮತ್ತೆ ಕಾದು, "ಹ್ಞೂಂ, ಬೆಕ್ಕು ಸತ್ತಿತು" ಎಂದಳು.

ಎರಡನೆಯ ಸ್ಕ್ಯಾನಿನ ದಿನ ಬೆಳಿಗ್ಗೆ ಅತ್ತೆಯೂ ಹಟ ಮಾಡಿ ಜೊತೆಗೆ ಬಂದಳು. ಗಂಡನಿಗೆ ಯಾರದೋ ಮನೆಯ ಬಾಗಿಲ ಚಿಲಕ ಒಳಗಿನಿಂದ ಬಿದ್ದುಹೋಗಿ, ಮಗು ಒಳಗೇ ಉಳಿದಿದೆ ಎಂದು ಫೋನು ಬಂದಿತ್ತು, ಅವನು ಹೋಗಲೇಬೇಕಾಯಿತು. ಮೀಸೆಯ 'ಅಲುಗಾಡಬೇಡಿ' ಅವಳ ಗುರುತು ಹಿಡಿದು, ನಿಟ್ಟುಸಿರು ಬಿಟ್ಟ.

"ಈ ಸಲನಾದ್ರೂ—"

"ಹೋದ ಸಲ ತಪ್ಪು ನನ್ನದೇ" ಎಂದಳು ಮೈಕಕ್ಕ. "ಮೂಗಲ್ಲಿ ಉಸಿರಾಡ್ತಿದ್ದೆ, ನನಗೇ ಗೊತ್ತಿರಲಿಲ್ಲ. ಈಗ ಕಲಿತು ಬಂದಿದ್ದೀನಿ."

ಅವನು ಪಟ್ಟಿ ಬಿಗಿಯುತ್ತಿದ್ದ ಕೈ ನಿಲ್ಲಿಸಿ ಅವಳ ಮುಖ ನೋಡಿದ. ತಪ್ಪು ನನ್ನದು ಎಂದು ಹೇಳುವವರು ಅವನ ಯಂತ್ರದೊಳಗೆ ಅಪರೂಪವಿರಬೇಕು. "ಸುಸ್ತಾದ್ರೆ ಹೇಳಿ, ನಡುವೆ ಸ್ವಲ್ಪ ಹೊತ್ತು ಕೊಡ್ತೀನಿ" ಎಂದ. ದನಿಯೂ ಸ್ವಲ್ಪ ಇಳಿದಿತ್ತು.

ಒಳಗೆ ಅದೇ ಹೆಣ್ಣುದನಿ ತನ್ನ ತಪ್ಪು ಜಾಗದಲ್ಲೇ ನಿಲ್ಲಿಸಿತು. ಮೈಕಕ್ಕ ಅದಕ್ಕೆ ಕಿವಿಗೊಡದೆ, ಪಟ್ಟಿಯ ಅಡಿಯಲ್ಲಿ ಅತ್ತೆಯ ಅಂಗೈ ಇದೆ ಎಂದುಕೊಂಡಳು. ಬಿಟ್ಟಳು. ಮುಚ್ಚಿದಳು. ಸುತ್ತಿಗೆ ಬಡಿಯಿತು. ಎದೆಯೊಳಗೆ ಬೆಂಕಿ ಹತ್ತಿದಂತಾಯಿತು, ಕಣ್ಣಲ್ಲಿ ನೀರು ತುಂಬಿತು, ಮೂಗು ಹಳೆಯ ಚಾಳಿಗೆ ಜಗ್ಗಿತು. ಅವಳು ಬಿಡಲಿಲ್ಲ. "ಉಸಿರಾಡಿ" ಎಂದಾಗ ಮುಳುಗಿ ಎದ್ದವಳಂತೆ ಗಾಳಿ ಎಳೆದುಕೊಂಡಳು. ಔಷಧಿ ಹೋಯಿತು, ಮತ್ತೆ ಹಿಡಿ, ಮತ್ತೆ ಬಿಡು. ಆಮೇಲೆ ಔಷಧಿ ಲಿವರಿನೊಳಗೆ ಇಳಿಯಲೆಂದು ಬಹಳ ಹೊತ್ತು ಕಾಯಿಸಿ, ಕೊನೆಯ ಚಿತ್ರಗಳನ್ನು ತೆಗೆದರು. ಈ ಸಲ ಹೆಡ್‌ಫೋನು ಅಲುಗಾಡಬೇಡಿ ಎನ್ನಲಿಲ್ಲ. ಏನೂ ಅನ್ನಲಿಲ್ಲ. ಅದೂ ಒಂದು ಹೆದರಿಕೆಯೇ ಆಯಿತು.

ರಿಪೋರ್ಟು ಮಧ್ಯಾಹ್ನದ ಮೇಲೆ ಎಂದರು. ಮಧ್ಯಾಹ್ನ ಕಳೆಯಿತು. ಅತ್ತೆ ಬೆಂಚಿನ ಮೇಲೆ ಕುಳಿತಲ್ಲೇ ನಿದ್ದೆ ಹೋದಳು. ಕೊನೆಗೆ ಕೈಗೆ ಬಂದ ಕಾಗದದಲ್ಲಿ ಉದ್ದುದ್ದ ಪದಗಳು, ಅವುಗಳ ಬಾಲಕ್ಕೆ 'ಇರುವ ಸಾಧ್ಯತೆ ಹೆಚ್ಚು' ಎಂಬ ಮಾತು. ಮೈಕಕ್ಕನ ತಲೆ ಚಿಟ್ಟು ಹಿಡಿಯಿತು. ಮತ್ತೆ ಸಾಧ್ಯತೆ! ಅವಳು ಕಾಗದ ಹಿಡಿದು, ಚಿತ್ರ ಓದುವ ಡಾಕ್ಟರಮ್ಮನ ಕೋಣೆಗೆ ನುಗ್ಗಿದಳು. ಕತ್ತಲು ಮಾಡಿಕೊಂಡ ಕೋಣೆಯಲ್ಲಿ ಎರಡು ಪರದೆಗಳ ಮುಂದೆ ಕುಳಿತು ಆಕೆ ಬಿಸ್ಕತ್ತು ತಿನ್ನುತ್ತಿದ್ದರು.

"ಬೈದ್ರೂ ಪರವಾಗಿಲ್ಲ ಡಾಕ್ಟ್ರೇ. ಸಾಧ್ಯತೆ, ಬಹುಶಃ, ಶೀಘ್ರ ಇವೆಲ್ಲ ನನಗೆ ಬೇಡ. ನಾನು ದಿನಾ ಜನರಿಗೆ ಇದೇ ಹೇಳೋಳು. ನನಗೆ ಒಂದೇ ಒಂದು ನೇರ ಮಾತು ಹೇಳಿ."

ಡಾಕ್ಟರಮ್ಮ ಬಿಸ್ಕತ್ತಿನ ಪುಡಿ ಕೊಡವಿಕೊಂಡು, ಪಕ್ಕದ ಕುರ್ಚಿ ತೋರಿಸಿದರು. "ಬೈಯಲ್ಲ, ಕೂತ್ಕೊಳ್ಳಿ. ಇದು ನಿಮ್ಮ ಹಳೇ ಚಿತ್ರ."

ನೀರಿನೊಳಗೆ ಬಿದ್ದ ನಾಣ್ಯದ ಹಾಗೆ ಏನೋ ಒಂದು ತೇಲಾಡುತ್ತಿತ್ತು. ಅಂಚು ಎರಡೆರಡಾಗಿ ಕಂಡಿತು.

"ಇದು ಇವತ್ತಿನದು. ಈ ಔಷಧಿಯನ್ನ ಒಳಗೆ ಎಳೆದುಕೊಂಡು ಇಟ್ಟುಕೊಳ್ಳೋಕೆ ಬರೋದು ಒಳ್ಳೆ ಲಿವರ್ ಕಣಗಳಿಗೆ. ಅದಕ್ಕೇ ನಿಮ್ಮ ಲಿವರು ಇಷ್ಟು ಬೆಳ್ಳಗೆ ಹೊಳೀತಿದೆ. ಸರ್ಜನ್ನರು ಹೆದರಿದ್ದ ಗಡ್ಡೆಯಾಗಿದ್ರೆ ಸಾಮಾನ್ಯವಾಗಿ ಇಲ್ಲೊಂದು ಕಪ್ಪು ತೂತಿನ ಹಾಗೆ ಕಾಣಬೇಕಿತ್ತು. ಕಾಣ್ತಿದೆಯಾ?"

"ಇಲ್ಲ."

"ಯಾಕಂದ್ರೆ ನಿಮ್ಮ ಗಡ್ಡೆಯೂ ಔಷಧಿ ಹಿಡ್ಕೊಂಡು ಕೂತಿದೆ, ಪಕ್ಕದವರ ಹಾಗೇ ಬೆಳ್ಳಗೆ. ನಡುವೆ ಈ ನಕ್ಷತ್ರದ ಥರ ಕಲೆ ಇದೆ ನೋಡಿ, ಅದೂ ಇದರದ್ದೇ ಗುರುತು. ಇದು ನಿಮ್ಮ ಲಿವರೇ ಅಮ್ಮ. ಒಂದು ಕಡೆ ಸ್ವಲ್ಪ ಅಡ್ಡಾದಿಡ್ಡಿ ಬೆಳೆದುಕೊಂಡಿದೆ, ಅಷ್ಟೆ."

"ನೇರ ಮಾತು ಡಾಕ್ಟ್ರೇ."

ಡಾಕ್ಟರಮ್ಮ ಪರದೆಯನ್ನೊಮ್ಮೆ ನೋಡಿ, ಅವಳ ಕಡೆ ತಿರುಗಿದರು. "ಇದು ಕ್ಯಾನ್ಸರ್ ಅಲ್ಲ. ಆಗೋದೂ ಇಲ್ಲ. ತೆಗೆಯೋದು ಬೇಡ. ಸರ್ಜನ್ನರಿಗೆ ಬೆಳಿಗ್ಗೆಯೇ ಫೋನು ಮಾಡಿ ಹೇಳಿದ್ದೀನಿ, ಅವರೂ ಒಪ್ಪಿದ್ರು. ಆಯ್ತಾ?"

ಬೆಳಿಗ್ಗೆಯೇ! ಮೈಕಕ್ಕ ಧನ್ಯವಾದ ಹೇಳುವುದನ್ನೂ ಮರೆತು ಎದ್ದಳು. ಇಬ್ಬರು ಡಾಕ್ಟರುಗಳಿಗೆ ಬೆಳಿಗ್ಗೆಯೇ ಗೊತ್ತಿದ್ದದ್ದಕ್ಕಾಗಿ ಅವಳು ದಿನವೆಲ್ಲ ಬೆಂಚಿನ ಮೇಲೆ ಕುಳಿತು ಸತ್ತು ಹುಟ್ಟಿದ್ದಳು.

ಅತ್ತೆಯನ್ನು ಎಬ್ಬಿಸಿಕೊಂಡು ಮೊದಲು ಆಪರೇಷನ್ ಕೌಂಟರಿಗೆ ಹೋದಳು. ಆ ದಿನವನ್ನು ಅಳಿಸಿ ಹಾಕಿದರೇ ಅವಳಿಗೆ ನೆಮ್ಮದಿ. ಕೌಂಟರಿನ ಗುಮಾಸ್ತ ಕಂಪ್ಯೂಟರು ನೋಡಿ, "ಸರ್ಜನ್ನರು ರಜೆ ಮೇಲೆ ಹೋದ್ರು. ಅವರು ಬಂದು ಬರೆದುಕೊಡಬೇಕು. ಅಲ್ಲೀವರೆಗೆ ಡೇಟು ಇರುತ್ತೆ" ಎಂದ.

"ಆಪರೇಷನ್ನೇ ಬೇಡ ಅಂತ ಆಯ್ತಲ್ಲಪ್ಪ."

"ಇರಬಹುದು. ಸಿಸ್ಟಮ್ಮಲ್ಲಿ ಇದೆ."

"ಏನಂತೆ?" ಎಂದಳು ಅತ್ತೆ, ತೋಳು ಜಗ್ಗಿ.

"ಇರಿ ಅತ್ತೆ. ನೋಡಪ್ಪ, ಆ ದಿನ ನಾನು ಬರಲ್ಲ. ಬರೆದುಕೋ."

"ನೀವು ಬರದಿದ್ರೆ ಫೋನು ಬರುತ್ತೆ. ಸರ್ಜನ್ನರು ಬಂದ ಮೇಲೆ ಬನ್ನಿ."

"ಯಾವಾಗ ಬರ್ತಾರೆ?"

"ಹೇಳೋಕಾಗಲ್ಲ."

"ಏನಂತೇ? ಜೋರಾಗಿ ಹೇಳೇ! ಗಡ್ಡೆ ಏನಂತೆ?" ಅತ್ತೆಯ ದನಿಯೇ ಏರಿತ್ತು. ಸೊಸೆಯ ಮುಖದ ಸಿಟ್ಟನ್ನು ಅವಳು ಬೇರೆ ಏನೋ ಎಂದುಕೊಂಡಿರಬೇಕು.

ಮೈಕಕ್ಕ ಗುಮಾಸ್ತನನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಆಮೇಲೆ ಮೈಕಿನ ಮುಂದೆ ನಿಲ್ಲುವ ಹಾಗೆ ಬೆನ್ನು ನೆಟ್ಟಗೆ ಮಾಡಿ, ಮೊದಲ ದಿನದ ಹಾಗೆ ಎದೆ ತುಂಬ ಗಾಳಿ ಎಳೆದುಕೊಂಡಳು.

"ದಯವಿಟ್ಟು ಗಮನಿಸಿ! ಲಿವರಿನಲ್ಲಿ ಇರುವುದು ಕ್ಯಾನ್ಸರ್ ಅಲ್ಲ! ಮುಂದಿನ ತಿಂಗಳಿನ ಆಪರೇಷನ್ ರದ್ದಾಗಿದೆ! ಇದನ್ನು ಎಲ್ಲರೂ ಬರೆದುಕೊಳ್ಳಬೇಕು!"

ಕೊನೆಯಲ್ಲಿ ಹಿಡಿದಿದ್ದ ಗಾಳಿಯೆಲ್ಲ ಉಸ್ಸೆಂದು ಹೊರಬಿತ್ತು. ಕಾರಿಡಾರಿನ ಬೆಂಚುಗಳಲ್ಲಿ ಕುಳಿತಿದ್ದವರು ಮರುಕ್ಷಣ ತಂತಮ್ಮ ಚೀಲಕ್ಕೆ ಕೈಹಾಕಿದರು, ಬಸ್ಸು ಬಂದಂತೆ. ನೆಲಮಾಳಿಗೆಯ ಮೆಟ್ಟಿಲಿನಿಂದ ಮೀಸೆಯ ತಲೆಯೊಂದು ಮೇಲೆದ್ದು ನೋಡಿತು. ಗುಮಾಸ್ತ ಕೈಗೆ ಸಿಕ್ಕ ಚೀಟಿಯ ಮೇಲೆ ಏನನ್ನೋ ಬರೆದುಕೊಂಡ.

ಅತ್ತೆ ಕಣ್ಣೊರೆಸಿಕೊಂಡಳು. ಸ್ವಲ್ಪ ಹೊತ್ತು ತುಟಿ ಅಲ್ಲಾಡಿತು, ದನಿಯಿಲ್ಲದೆ. ಅವಳು ದೇವರ ಜೊತೆ ಮಾತಾಡುವುದು ಹಾಗೆಯೇ. ಆಮೇಲೆ ಸೆರಗು ಸರಿಪಡಿಸಿಕೊಂಡು ಸಿಡುಕಿದಳು. "ಇಷ್ಟೇ ತಾನೇ? ಇದನ್ನ ಮೊದಲೇ ಹೇಳೋಕೆ ಏನು ದಾಡಿಯಾಗಿತ್ತು ಇವರಿಗೆ?"

"ಇವರು ತಡ ಮಾಡಿದ್ದು ಬರೀ ಒಂದು ದಿನ ಅತ್ತೆ. ಮಿಕ್ಕ ತಡವೆಲ್ಲ ಅಲುಗಾಡಿದ ನನ್ನದೇ" ಎಂದಳು ಮೈಕಕ್ಕ, ಬಾಯೊಳಗೇ.

"ಏನಂದೆ?"

ಎರಡನೆಯ ಸಲ ಕೂಗಿ ಹೇಳಲು ಅವಳಲ್ಲಿ ಉಸಿರು ಉಳಿದಿರಲಿಲ್ಲ. ಅತ್ತೆಯ ಕೈ ಹಿಡಿದುಕೊಂಡು ಬಸ್ಸಿನ ಕಡೆ ನಡೆದಳು.